ಬಿಳಿಗೊಂದು ಹನಿ ನೀಲಿ

ಕಾಗದ ಬಂದದ್ದು ಸೋಮವಾರ ಸಂಜೆ. ಮಗಳು ಶಾಲೆಯಿಂದ ಬರುವಾಗ ಕೆಳಗಿನ ಅಂಚೆ ಪೆಟ್ಟಿಗೆಯಿಂದ ತೆಗೆದುಕೊಂಡು ಬಂದು, ಬೂಟು ಬಿಚ್ಚುವ ಮೊದಲೇ ಒಡೆದು ಓದಿದಳು. ಅಡುಗೆಮನೆಯಲ್ಲಿ ಅನ್ನಕ್ಕಿಟ್ಟ ನೀರು ಇನ್ನೂ ಕುದಿ ಬಂದಿರಲಿಲ್ಲ.

"ಅಮ್ಮ, ಕೋಟಪ್ಪನ ಕಾಗದ. ಡೆಪಾಸಿಟ್ ಕೊಡಲ್ವಂತೆ."

"ಎಷ್ಟು ಹಿಡ್ಕೋತಾನಂತೆ?"

"ಪೂರ್ತಿ. ಒಂದು ಬಿಡಿಗಾಸೂ ಕೊಡಲ್ವಂತೆ."

ಕೋಟಪ್ಪ ಅಂದರೆ ಅವರು ಹೋದ ತಿಂಗಳು ಖಾಲಿ ಮಾಡಿ ಬಂದ ಮನೆಯ ಮಾಲೀಕ. ಚಳಿಯಿರಲಿ, ಬೇಸಗೆಯಿರಲಿ, ಆರು ವರ್ಷದಲ್ಲಿ ಅವನನ್ನು ಆ ಕಂದು ಕೋಟಿಲ್ಲದೆ ಕಂಡವರಿಲ್ಲ. ಹೆಸರಿಟ್ಟವರು ಮಾವ. ಮಾವನಿಗೆ ಈ ಪರದೇಶದ ಭಾಷೆ ಬಾರದು, ಆದರೆ ಕಂಡಕಂಡವರಿಗೆ ಹೆಸರಿಡುವುದಕ್ಕೆ ಭಾಷೆ ಯಾಕೆ ಬೇಕು? ಸೊಸೆಯನ್ನೂ ಅವರು ಬಿಟ್ಟಿರಲಿಲ್ಲ. ಊರಿನಲ್ಲಿ ಹನ್ನೊಂದು ವರ್ಷ ಔಷಧಿ ಅಂಗಡಿಯಲ್ಲಿ ನಿಂತು ಮಾತ್ರೆ ಕೊಟ್ಟವಳು ಎಂದು ಅವಳನ್ನು 'ಮಾತ್ರೆಯಮ್ಮ' ಎನ್ನುತ್ತಿದ್ದರು. ಇಲ್ಲಿ ಬಂದ ಮೇಲೆ ಮಾತ್ರೆ ಹೋಗಿ, ದೊಡ್ಡ ಹೋಟೆಲೊಂದರ ಲಾಂಡ್ರಿಯ ಹಾಸುಬಟ್ಟೆ ಅವಳ ಕೈಗೆ ಬಂದಿತ್ತು. ಹೆಸರು ಮಾತ್ರ ಉಳಿದುಕೊಂಡಿತ್ತು.

ಇಲ್ಲಿಯೂ ಔಷಧಿ ಅಂಗಡಿಯಲ್ಲಿ ನಿಲ್ಲಬೇಕೆಂದರೆ ಇಲ್ಲಿಯದೇ ಪರೀಕ್ಷೆ ಪಾಸು ಮಾಡಬೇಕು. ಅದು ವರ್ಷಕ್ಕೊಂದೇ ಸಲ, ಅದರ ಶುಲ್ಕವೋ ಕೇಳಿದರೆ ಎದೆ ಧಸಕ್ಕೆನ್ನಬೇಕು. ಎರಡು ವರ್ಷ ಅವಳು ಅರ್ಜಿಯನ್ನು ತೆರೆದು ನೋಡಿ ಮುಚ್ಚಿಟ್ಟಿದ್ದಳು. ಈ ಸಲ ಡೆಪಾಸಿಟ್ ಬಂದರೆ ಶುಲ್ಕಕ್ಕೆ ಸರಿಯಾಗಿ ಸಾಲುತ್ತದೆ ಎಂದು ಲೆಕ್ಕ ಹಾಕಿ, ಪುಸ್ತಕ ತರಿಸಿಕೊಂಡು, ನಿಘಂಟು ಜೊತೆಗಿಟ್ಟುಕೊಂಡು ಬಸ್ಸಿನಲ್ಲಿ ಓದುವುದಕ್ಕೂ ಶುರುಮಾಡಿದ್ದಳು. ಶುಲ್ಕ ಕಟ್ಟಲು ಇನ್ನು ಮೂರು ವಾರ ನಾಲ್ಕು ದಿನ ಬಾಕಿಯಿತ್ತು.

"ಯಾಕೆ ಕೊಡಲ್ವಂತೆ, ಸರಿಯಾಗಿ ಓದು."

ಮಗಳು ಓದುತ್ತ ಕನ್ನಡಕ್ಕೆ ತಿರುಗಿಸಿದಳು. "ಬಾಡಿಗೆದಾರರು ಒಪ್ಪಿಗೆ ಪಡೆಯದೆ ಎಲ್ಲ ಗೋಡೆಗೂ ಬಣ್ಣ ಹೊಡೆದಿದ್ದಾರೆ. ಕರಾರಿನ ಒಂಬತ್ತನೇ ಕಲಮಿನ ಪ್ರಕಾರ ಹಾಗೆ ಮಾಡೋ ಹಾಗಿಲ್ಲ. ಬಣ್ಣವೂ ಮೊದಲಿನ ಬಿಳಿಯಲ್ಲ, ನೀಲಿ ಛಾಯೆ ಇದೆ. ಅದನ್ನ ಕೆರೆದು ಮತ್ತೆ ಹೊಡೆಸೋಕೆ ಡೆಪಾಸಿಟ್ ಪೂರ್ತಿ ಬೇಕಾಗುತ್ತೆ."

ಮೇಜಿನ ಹತ್ತಿರ ಆಲೂಗಡ್ಡೆ ಹೆರೆಯುತ್ತಿದ್ದ ಮಾವ ಚಾಕು ಕೆಳಗಿಟ್ಟರು.

"ನೀಲಿ ಛಾಯೆನಾ? ಕಣ್ಣಿಗೇನಾಗಿದೆ ಅವನಿಗೆ? ಬಿಳಿಗೆ ಒಂದು ಹನಿ ನೀಲಿ ಬಿಡದಿದ್ರೆ ಆರು ತಿಂಗಳಿಗೆ ಹಳದಿ ತಿರುಗತ್ತಮ್ಮ. ನಲವತ್ತೆರಡು ವರ್ಷ ಬಳಿದಿದ್ದೀನಿ. ಅಷ್ಟೂ ತಿಳೀದೋನು ಮನೆ ಬಾಡಿಗೆಗೆ ಕೊಡ್ತಾನಾ?"

ಮಾತ್ರೆಯಮ್ಮ ಒಲೆಯ ಉರಿ ಸಣ್ಣದು ಮಾಡಿ, ಕಾಗದವನ್ನು ತಾನೇ ಕೈಗೆ ತೆಗೆದುಕೊಂಡು, ಅರೆಬರೆ ಬರುವ ಭಾಷೆಯ ಸಾಲುಗಳ ನಡುವೆ ಅಂಕಿಯೊಂದನ್ನೇ ನೋಡಿದಳು.

ಆಗಿದ್ದು ಇಷ್ಟು. ಸಾಮಾನೆಲ್ಲ ಹೊಸ ಮನೆಗೆ ಸಾಗಿಸಿದ ಮೇಲೆ ಹಳೆಯ ಮನೆಯ ಬೀಗದ ಕೈ ಇನ್ನೂ ನಾಲ್ಕು ದಿನ ಇವರ ಹತ್ತಿರ ಇತ್ತು. ಮಗ ಬ್ರೆಡ್ಡಿನ ವ್ಯಾನು ಓಡಿಸಲು, ಸೊಸೆ ಲಾಂಡ್ರಿಗೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಮಾವ ಬ್ರಷ್ಷಿನ ಚೀಲ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಊರಿಂದ ಬರುವಾಗ ಒಳಜೇಬಿಗೆ ಹೊಲಿಸಿಕೊಂಡು ತಂದಿದ್ದ ದುಡ್ಡಿನಲ್ಲಿ ಎರಡು ಡಬ್ಬ ಬಣ್ಣ ಕೊಂಡು, ಮೊಳೆ ತೂತು ಮುಚ್ಚಿ, ಉಜ್ಜಿ, ಎರಡು ಸಲ ಬಳಿದರು. ವಾಸ ಮಾಡಿದ ಮನೆಯನ್ನು ಕೊಳೆ ಗೋಡೆಯೊಂದಿಗೆ ಒಪ್ಪಿಸಿ ಬರುವುದು ಅವರ ಪ್ರಕಾರ ಉಂಡ ತಟ್ಟೆಯನ್ನು ಹಾಗೇ ಬಿಟ್ಟೇಳುವುದಕ್ಕೆ ಸಮ. ಕೊನೆಯ ದಿನ ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸಿದಾಗ ಮನೆ ಫಳಫಳ ಅನ್ನುತ್ತಿತ್ತು. ಮಾತ್ರೆಯಮ್ಮನೂ ಹಿಗ್ಗಿ, "ಮಾವ, ಈಗ ಬಿಟ್ಟು ಹೋಗೋಕೇ ಮನಸ್ಸಾಗ್ತಿಲ್ಲ" ಅಂದಿದ್ದಳು. ಹಾಗಂದದ್ದು ನೆನಪಾಗಿ ಈಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಊಟಕ್ಕೆ ಕೂತಾಗ ಗಂಡ ಕಾಗದ ಓದಿದ. ಅವನು ಬೆಳಗಿನ ಜಾವ ಎದ್ದು ಅಂಗಡಿ ಅಂಗಡಿಗೆ ಬ್ರೆಡ್ಡು ಇಳಿಸಿ ಬಂದವನು, ಸಂಜೆ ಏಳಕ್ಕೆ ಅವನ ಕಣ್ಣು ಎಳೆಯುತ್ತಿದ್ದವು.

"ಅಪ್ಪ, ಯಾರನ್ನ ಕೇಳಿ ಬಳಿದೆ?"

"ಒಳ್ಳೇ ಕೆಲಸಕ್ಕೆ ಯಾರನ್ನ ಕೇಳಬೇಕೋ?"

"ಇಲ್ಲಿ ಕೇಳಬೇಕು! ಒಂದು ಮೊಳೆ ಹೊಡೆಯೋಕೂ ಕೇಳಬೇಕು ಇಲ್ಲಿ!"

"ಹೊಡೆದ ಮೊಳೆಗಳನ್ನೆಲ್ಲ ಯಾರು ಮುಚ್ಚಿದ್ದು ಮತ್ತೆ? ನೀನು ಹೊಡೆದಿದ್ದು ಹದಿನೇಳು ತೂತು. ಎಣಿಸಿದ್ದೀನಿ."

ಮಗಳಿಗೆ ನಗು ಬಂತು. ತಾಯಿಯ ಮುಖ ನೋಡಿ ತಟ್ಟೆಗೆ ಬಾಗಿದಳು.

"ರೀ, ನೀವು ಸುಮ್ನಿರಿ," ಅಂದಳು ಮಾತ್ರೆಯಮ್ಮ. ಮಾವನ ಕಡೆ ತಿರುಗಿದಳು. ತಡೆದು ತಡೆದು ಇಟ್ಟುಕೊಂಡಿದ್ದೆಲ್ಲ ಬಾಯಿಗೆ ಬಂತು. "ಮಾವ, ನನಗೆ ನಲವತ್ತಮೂರು. ಇನ್ನೊಂದು ವರ್ಷ, ಇನ್ನೊಂದು ವರ್ಷ ಅಂತ ಹಾಸುಬಟ್ಟೆ ಮಡಚ್ತಾ ಮಡಚ್ತಾ ಮುದುಕಿ ಆಗ್ತೀನಿ. ನಿಮ್ಮನ್ನ ಯಾರಾದ್ರೂ ಕೇಳಿದ್ರಾ ಬಣ್ಣ ಹೊಡೀರಿ ಅಂತ? ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೇ ತಪ್ಪಾಯ್ತು."

ಅಂದಾದ ಮೇಲೆ ನಾಲಗೆ ಕಚ್ಚಿಕೊಂಡು ಏನು ಪ್ರಯೋಜನ? ಮಾವ ತಟ್ಟೆಯಲ್ಲಿದ್ದುದನ್ನು ಮುಗಿಸಿ, ತಟ್ಟೆ ತೊಳೆದಿಟ್ಟು, ಬಾಲ್ಕನಿಯ ಬಾಗಿಲು ಸರಿಸಿಕೊಂಡು ಹೊರಗೆ ಕೂತರು.

ಮರುದಿನದಿಂದ ಮನೆಯಲ್ಲಿ ಮಾತು ಅಳತೆ ಹಾಕಿದಂತೆ ಬರತೊಡಗಿತು. ಮಗಳು ತನ್ನ ಶಾಲೆಯ ಭಾಷೆಯಲ್ಲಿ ಕೋಟಪ್ಪನಿಗೆ ಎರಡು ಕಾಗದ ಬರೆದಳು. ಉತ್ತರವಿಲ್ಲ. ಗಂಡ ಊಟದ ಬಿಡುವಿನಲ್ಲಿ ವ್ಯಾನಿನೊಳಗೆ ಕೂತು ಫೋನ್ ಮಾಡಿದ. ಒಂದು ಸಲ ಎತ್ತಿದವನು "ಒಂಬತ್ತನೇ ಕಲಮು ಓದಿ" ಎಂದು ಇಟ್ಟುಬಿಟ್ಟ. ಸಾಲಕ್ಕೆಂದು ಮಾತ್ರೆಯಮ್ಮ ಲಾಂಡ್ರಿಯ ಮೇಲ್ವಿಚಾರಕಿಯನ್ನು ಕೇಳಿದಳು. ಆಕೆ ತನ್ನ ಮನೆಯ ಕಷ್ಟವನ್ನೇ ಅರ್ಧ ಗಂಟೆ ಹೇಳಿಕೊಂಡಳು, ಕೊನೆಗೆ ಇವಳೇ ಆಕೆಗೆ ಸಮಾಧಾನ ಮಾಡಬೇಕಾಯಿತು.

ಮಾವ ಮನೆಗೆಲಸವೆಲ್ಲ ಮೈಮೇಲೆ ಹಾಕಿಕೊಂಡರು. ಅವಳು ಕೆಲಸದಿಂದ ಬರುವಷ್ಟರಲ್ಲಿ ಬಟ್ಟೆ ಒಗೆದು ಒಣಗಿರುತ್ತಿತ್ತು, ತರಕಾರಿ ಹೆಚ್ಚಿರುತ್ತಿತ್ತು, ನೆಲ ಒರೆಸಿರುತ್ತಿತ್ತು. ಊಟದಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದನ್ನು ನಿಲ್ಲಿಸಿದರು.

"ಇನ್ನೊಂದು ಸ್ವಲ್ಪ ಹಾಕ್ಕೊಳ್ಳಿ ಮಾವ."

"ಸಾಕಮ್ಮ. ಹಸಿವಿಲ್ಲ."

"ಮೊನ್ನೆವರೆಗೂ ಇತ್ತಲ್ಲ ಹಸಿವು!"

"ವಯಸ್ಸಾಯ್ತಲ್ಲ, ಕಮ್ಮಿಯಾಗತ್ತೆ."

ಹಾಗೆ ಉಪವಾಸ ಬಿದ್ದು ತನ್ನನ್ನು ಸುಡುತ್ತಿದ್ದಾರೆ ಎಂದು ಅವಳಿಗೆ ರೇಗುತ್ತಿತ್ತು. ಹಾಗಂತ ಹೇಳುವ ಧೈರ್ಯ ಈಗ ಇರಲಿಲ್ಲ. ಸೌಟನ್ನು ಪಾತ್ರೆಗೆ ಸ್ವಲ್ಪ ಜೋರಾಗಿಯೇ ಬಡಿದು ಏಳುತ್ತಿದ್ದಳು.

ಎರಡನೇ ವಾರ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ಬಂದಾಗ ಮಾವ ಮನೆಯಲ್ಲಿರಲಿಲ್ಲ. ಬ್ರಷ್ಷಿನ ಚೀಲವೂ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಎರಡು ಬಸ್ಸಿನ ನಂಬರು ಮತ್ತು ಇಲ್ಲಿಯ ಭಾಷೆಯ ನಾಲ್ಕೇ ಮಾತು. ಅವಳು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಕೆಳಗಿನಿಂದ ಮಾವ ಏದುಸಿರು ಬಿಡುತ್ತ ಹತ್ತಿ ಬಂದರು. ಮುಖ ಅರಳಿತ್ತು.

"ಎಲ್ಲಿ ಹೋಗಿದ್ರಿ? ಹೇಳಿ ಹೋಗೋಕಾಗಲ್ವಾ?"

"ಹಳೇ ಮನೆಗೆ ಹೋಗಿದ್ದೆ ಕಣಮ್ಮ. ಕೆರೆದು ಅವನಿಗೆ ಬೇಕಾದ ಬಿಳೀನೇ ಬಳಿದು ಕೊಟ್ಬಿಡೋಣ, ಅವನ ಖರ್ಚು ಉಳೀತದೆ, ನಮ್ಮ ದುಡ್ಡು ಬರ್ತದೆ ಅಂತ. ಬಾಗಿಲು ತಟ್ಟಿದ್ರೆ ಯಾರೋ ಹೆಂಗಸು. ಕಂಕುಳಲ್ಲಿ ಮಗು. ಹೊಸಬರು ಬಂದಿದ್ದಾರೆ ಆಗಲೇ! ಬ್ರಷ್ ತೋರಿಸಿದೆ, ಗೋಡೆ ತೋರಿಸಿದೆ. ಪಾಪ, ಒಳಗೆ ಕರೆದು ನೀರು ಕೊಟ್ಟಳು." ಮಾವ ಮೆಟ್ಟಿಲ ಮೇಲೇ ಕೂತರು. "ಗೋಡೆ ಹೆಂಗಿದೆ ಅಂತೀಯಾ! ಬಿಸಿಲು ಬೀಳೋ ಕಡೇನೂ ಒಂದು ಸೀಳಿಲ್ಲ. ನಾನು ಬಳಿದ ಹಾಗೇ ಇದೆ. ಆ ಮಗು ಗೋಡೆಗೆ ಕೈಯಿಟ್ಟು ಸವರ್ತಾ ಇತ್ತು."

"ನೀವು ಬಳಿದ ಬಣ್ಣವೇನಾ? ಸರಿಯಾಗಿ ನೋಡಿದ್ರಾ?"

"ನನ್ನ ಕೈ ಕೆಲಸ ನನಗೆ ಗೊತ್ತಾಗಲ್ವಾ? ಅದೇ ನೀಲಿ."

ಮಾತ್ರೆಯಮ್ಮ ಅವರ ಪಕ್ಕದಲ್ಲಿ ಧೊಪ್ಪನೆ ಕೂತಳು. ಅವರು ತಮ್ಮ ಕೆಲಸದ ಹೆಮ್ಮೆ ಹೊತ್ತು ತಂದಿದ್ದರು. ಅದರ ಜೊತೆಗೆ ಏನು ತಂದಿದ್ದರು ಎಂಬುದು ಅವರಿಗೇ ಹೊಳೆದಿರಲಿಲ್ಲ.

"ಮಾವ, ಕೆರೆದು ಹೊಡೆಸೋಕೆ ಅಂತ ತಾನೇ ಅವನು ದುಡ್ಡು ಹಿಡ್ಕೊಂಡಿದ್ದು? ಕೆರೆದೇ ಇಲ್ವಲ್ಲ!"

ಮಾವ ತಟ್ಟನೆ ಎದ್ದು ನಿಂತರು. "ಅಯ್ಯೋ ಕಳ್ಳ!" ಅಂದರು. ಆ ಕಟ್ಟಡದ ಮೆಟ್ಟಿಲೆಲ್ಲ ಕೇಳುವ ಹಾಗೆ ಅಂದರು.

ಮರುದಿನವೇ ಓಡುವುದಾಗಲಿಲ್ಲ. ಕೋಟಪ್ಪ ಊರಲ್ಲಿಲ್ಲ ಎಂದು ಅವನ ಪರದೆ ಬಟ್ಟೆಯ ಅಂಗಡಿಯಲ್ಲಿ ಹೇಳಿದರು. ಅವನು ಸಿಕ್ಕಿದ್ದು ಕೊನೆಯ ವಾರದ ಬುಧವಾರ. ಗಂಡನಿಗೆ ರಜೆ ಸಿಗಲಿಲ್ಲ. ಮಾತ್ರೆಯಮ್ಮ, ಮಾವ, ನಡುವೆ ಮಾತು ದಾಟಿಸಲು ಮಗಳು, ಮೂವರೂ ಹೋದರು. ಅಂಗಡಿಯಲ್ಲಿ ಸುತ್ತಲೂ ಪರದೆಗಳು ಇಳಿಬಿದ್ದಿದ್ದವು. ಕೋಟಪ್ಪ ಅಳತೆಯ ಟೇಪನ್ನು ಕತ್ತಿಗೆ ಹಾಕಿಕೊಂಡು ಕೋಟಿನಲ್ಲೇ ಇದ್ದ.

ಮಗಳು ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅವನು ಕೇಳಿ, ಒಂದಿಷ್ಟೂ ಗಾಬರಿಯಾಗದೆ ನಾಲ್ಕು ಮಾತಾಡಿದ.

"ಏನಂತೆ?"

"ಕೆರೆಸೋದು ಬಿಡೋದು ಅವನಿಷ್ಟವಂತೆ. ಒಪ್ಪಿಗೆ ಇಲ್ಲದೆ ಬಳಿದಿದ್ದಂತೂ ತಪ್ಪೇ ಅಂತೆ. ಬೇಕಾದ್ರೆ ಕೋರ್ಟಿಗೆ ಹೋಗಿ, ಎಂಟು ತಿಂಗಳು ಆಗತ್ತೆ ಅಂತಾನೆ."

ಎಂಟು ತಿಂಗಳು ಕಾಯುವ ಪರೀಕ್ಷೆ ಎಲ್ಲಿದೆ? ಮಾತ್ರೆಯಮ್ಮ ಹೊರಡಲೆಂದು ಮಗಳ ಭುಜ ಮುಟ್ಟಿದಳು. ಅಷ್ಟರಲ್ಲಿ ಕೋಟಪ್ಪ ಮಾವನ ಕಡೆ ಬೆರಳು ತೋರಿಸಿ ಇನ್ನೇನೋ ಕೇಳಿದ. ಮಗಳು ತಡವರಿಸಿದಳು.

"ಆ ಮನೆ ಬಳಿದಿದ್ದು ಇವರೇನಾ ಅಂತ ಕೇಳ್ತಿದ್ದಾನೆ. ಅವನದ್ದು ಇನ್ನೊಂದು ಮನೆ ಖಾಲಿ ಇದೆಯಂತೆ. ಎರಡು ರೂಮು, ಒಂದು ದೊಡ್ಡ ನಡುಮನೆ. ಅದೇ ಥರ, ಅದೇ ಬಿಳಿ ಬಳಿದುಕೊಟ್ರೆ ಡೆಪಾಸಿಟ್ ವಾಪಸ್ ಕೊಡ್ತಾನಂತೆ. ಶುಕ್ರವಾರ ಸಂಜೆಗೆ ಮುಗೀಬೇಕಂತೆ."

ಶುಲ್ಕ ಕಟ್ಟಲು ಕೊನೆಯ ದಿನವೂ ಅದೇ ಶುಕ್ರವಾರ. ಸಂಜೆ ಐದಕ್ಕೆ ಮುಚ್ಚುತ್ತಿತ್ತು.

"ಆಯ್ತು ಅನ್ನು," ಅಂದರು ಮಾವ, ಯಾರ ಮುಖವನ್ನೂ ನೋಡದೆ. "ಬಣ್ಣ ಅವನೇ ತರಬೇಕು ಅನ್ನು."

"ಮಾವ, ಬೇಡ. ನಮ್ಮ ದುಡ್ಡು ನಮಗೆ ಕೊಡೋಕೆ ಅವನಿಗೆ ಬಿಟ್ಟಿ ಕೆಲಸ ಮಾಡಬೇಕಾ?"

"ತಪ್ಪು ಮಾಡಿದ್ದು ನಾನಲ್ವಾ? ನಾನೇ ಸರಿ ಮಾಡ್ತೀನಿ."

ಮನೆಗೆ ಬಂದ ಮೇಲೆ ಗಂಡನನ್ನು ಕೇಳಿದರೆ, "ಕೈಕಾಲು ಗಟ್ಟಿಯಾಗಿದೆಯಲ್ಲ, ಮಾಡಲಿ ಬಿಡು. ನಿನಗೆ ದುಡ್ಡು ಬೇಕೋ ಬೇಡವೋ?" ಎಂದ. ಬೇಕಿತ್ತು. ಅದೇ ಕಷ್ಟ. ಅವಳು ಇನ್ನೊಂದು ಸಲ ಬೇಡ ಅನ್ನಲಿಲ್ಲ. ಗುರುವಾರ ಬೆಳಿಗ್ಗೆ ಅವಳೇ ಬುತ್ತಿ ಕಟ್ಟಿಕೊಟ್ಟಳು. ಕಟ್ಟುವಾಗ ಎರಡು ಮೊಟ್ಟೆ ಹೆಚ್ಚಿಗೆ ಇಟ್ಟಳು.

ಗುರುವಾರ ಸಂಜೆ ಮಾವ ಬಂದಾಗ ಹುಬ್ಬಿನ ಮೇಲೆಲ್ಲ ಬಿಳಿ ಚುಕ್ಕೆ. ಎರಡು ರೂಮು ಮುಗಿದವು ಅಂದರು. ನೀರಿನ ಲೋಟ ಎತ್ತಲು ಹೋದರು, ಕೈ ಗಡಗಡ ನಡುಗಿ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಎಡಗೈಯಿಂದ ಹಿಡಿದರೂ ನಿಲ್ಲಲಿಲ್ಲ. ಮೊಮ್ಮಗಳು ತಟ್ಟೆ ತೆಗೆದುಕೊಂಡು ತುತ್ತು ಮಾಡಿ ತಾತನ ಬಾಯಿಗಿಟ್ಟಳು.

"ನಿನ್ನ ಚಿಕ್ಕ ವಯಸ್ಸಲ್ಲಿ ನಾನು ತಿನ್ನಿಸ್ತಿದ್ದೆ. ನೀನು ಉಗುಳ್ತಿದ್ದೆ," ಅಂದರು ಮಾವ.

"ನೀನು ಉಗುಳಬೇಡ ತಾತ."

ಗಂಡ ಅಪ್ಪನ ಕೈಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಎದ್ದು ಎಣ್ಣೆ ಬಿಸಿ ಮಾಡಲು ಹೋದ.

ಶುಕ್ರವಾರ ಎಷ್ಟು ಬೇಡವೆಂದರೂ ಮಾವ ನಿಲ್ಲಲಿಲ್ಲ. ಮಾತ್ರೆಯಮ್ಮ ಲಾಂಡ್ರಿಗೆ ಹೋದಳು. ಹನ್ನೆರಡರ ಹೊತ್ತಿಗೆ ಒಂದೇ ಹಾಸುಬಟ್ಟೆಯನ್ನು ಮೂರು ಸಲ ಮಡಚಿ ಮೂರು ಸಲ ಬಿಚ್ಚಿದ್ದಳು. ಅದನ್ನು ಹಾಗೇ ಕಟ್ಟೆಯ ಮೇಲಿಟ್ಟು ಮೇಲ್ವಿಚಾರಕಿಗೆ, "ಅರ್ಧ ದಿನದ ಸಂಬಳ ಹಿಡಿದುಕೊಳ್ಳಿ" ಎಂದು ಹೇಳಿ ಹೊರಟಳು. ದಾರಿಯಲ್ಲಿ ಶಾಲೆಯಿಂದ ಮಗಳನ್ನೂ ಬಿಡಿಸಿಕೊಂಡಳು.

ಆ ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆರೆದಿತ್ತು. ಒಳಗೆ ಕೋಟಪ್ಪ ಮನೆ ನೋಡಲು ಬಂದ ಗಂಡ ಹೆಂಡತಿಯನ್ನು ಸುತ್ತಾಡಿಸುತ್ತಿದ್ದ. ಅವರೂ ಇಲ್ಲಿಯವರಲ್ಲ, ಅವರ ಮಾತೂ ಇವಳ ಹಾಗೇ ತಡೆದು ತಡೆದು ಬರುತ್ತಿತ್ತು. ನಡುಮನೆಯಲ್ಲಿ ಮಾವ ಹಳೆಯ ಮರದ ಏಣಿಯ ಮೇಲೆ ನಿಂತು, ನಡುಗುವ ಬಲಗೈಗೆ ಎಡಗೈ ಕೊಟ್ಟು, ಎರಡೂ ಕೈಯಲ್ಲಿ ರೋಲರ್ ಹಿಡಿದು ಗೋಡೆಯ ಮೇಲೆಳೆಯುತ್ತಿದ್ದರು. ಬಂದ ಹೆಂಗಸು ಗೋಡೆ ಮುಟ್ಟಲು ಕೈ ಚಾಚಿದಳು.

"ಹಸಿ! ಹಸಿ ಇದೆಯಮ್ಮ!" ಎಂದು ಮಾವ ಕನ್ನಡದಲ್ಲೇ ಕೂಗಿದರು. ಅವಳಿಗೆ ಅರ್ಥವಾಗಿ ಕೈ ಹಿಂದೆ ತೆಗೆದಳು.

ಕೋಟಪ್ಪ ಆ ಇಬ್ಬರಿಗೆ ಏನೋ ಹೇಳಿದ. "ನುರಿತ ಕೆಲಸಗಾರನ ಕೈಲಿ ಹೊಡೆಸಿದ ಹೊಸ ಬಣ್ಣ ಅಂತಿದ್ದಾನೆ," ಎಂದು ಮಗಳು ಪಿಸುಗುಟ್ಟಿದಳು. "ಏನು ಹೇಳಲಮ್ಮ?"

"ನೀನೇನೂ ಹೇಳಬೇಡ."

ಇಷ್ಟು ವರ್ಷ ಅವಳು ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಎಲ್ಲೆಲ್ಲೂ ಮಗಳನ್ನು ಮುಂದೆ ಬಿಟ್ಟುಕೊಂಡು ನಿಂತವಳು. ಇವತ್ತು ತಾನೇ ಮುಂದೆ ಹೋಗಿ ನಿಂತಳು. ಅವಳಿಗೆ ಬರುತ್ತಿದ್ದ ಆ ಭಾಷೆ ಕುಂಟುತ್ತಿತ್ತು, ಕುಂಟುತ್ತಲೇ ಬಂತು.

"ಇವರು ನನ್ನ ಮಾವ. ನಾವಿದ್ದ ನಿಮ್ಮ ಮನೆ, ಅಲ್ಲಿ ಇದೇ ಕೈ, ಇದೇ ಬಣ್ಣ. ಅಲ್ಲಿ ಹಾಳು. ಇಲ್ಲಿ ಚೆಂದ. ಹೇಗೆ?"

ಕೋಟಪ್ಪ ನಗಲು ನೋಡಿದ, ಆಮೇಲೆ ಮಾತಾಡೋಣ ಎನ್ನುವ ಹಾಗೆ ಕೈಯಾಡಿಸಿದ. ಮನೆ ನೋಡಲು ಬಂದ ಗಂಡಸು ಮುಂದೆ ಬಂದ. "ನೀವು ಇವರ ಬಾಡಿಗೆದಾರರಾಗಿದ್ರಾ? ಡೆಪಾಸಿಟ್ ವಾಪಸ್ ಕೊಡೋಕೆ ತಕರಾರು ಮಾಡ್ತಾರಾ?"

ಹೌದು ಅಂದರೆ ಕೋಟಪ್ಪ ಹಟಕ್ಕೆ ಬೀಳುತ್ತಾನೆ, ಇಲ್ಲ ಅಂದರೆ ಬಾಯಿ ತುಂಬ ಸುಳ್ಳು. ಮಾತ್ರೆಯಮ್ಮ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಇವರನ್ನೇ ಕೇಳಿ. ಕೊಟ್ಟರೆ ಈಗ ಕೊಡ್ತಾರೆ. ನೀವು ನೋಡ್ತೀರಿ."

ಮಾವನ ರೋಲರ್ ಚಿರ್ ಚಿರ್ ಎನ್ನುತ್ತಿತ್ತು. ಬಂದ ಹೆಂಗಸು ಗಂಡನ ತೋಳು ಹಿಡಿದು ಬಾಗಿಲ ಕಡೆ ನೋಡಿದಳು. ಕೋಟಪ್ಪ ಅದನ್ನು ಕಂಡ. ಕೋಟಿನ ಜೇಬಿನಿಂದ ಫೋನ್ ತೆಗೆದು ಬೆರಳಾಡಿಸಿದ, ಪರದೆಯನ್ನು ಮಾತ್ರೆಯಮ್ಮನ ಮುಖಕ್ಕೆ ಹಿಡಿದ. ಅವಳು ತನ್ನ ಫೋನನ್ನೇ ನೋಡಿದಳು. ಅಲ್ಲಿ ದುಡ್ಡು ಬಂದು ಬೀಳುವ ತನಕ ಕಣ್ಣೆತ್ತಲಿಲ್ಲ. ಪೂರ್ತಿ ಬಂದಿತ್ತು.

"ಡೆಪಾಸಿಟ್ ನಮ್ಮದು," ಅಂದಳು. "ಈಗ ಕೂಲಿ. ಎರಡು ದಿನ. ಅದು ಇವರದು."

ಕೋಟಪ್ಪನ ಮುಖ ಕೆಂಪಾಯಿತು. ಇಲ್ಲಿಯತನಕ ಬಂದ ಮೇಲೆ ಹಿಂದೆ ಸರಿಯುವಂತಿರಲಿಲ್ಲ. ಒಳಜೇಬಿಂದ ನೋಟು ತೆಗೆದು, ಎಣಿಸಿ, ಬಣ್ಣದ ಡಬ್ಬದ ಮುಚ್ಚಳದ ಮೇಲಿಟ್ಟು ಹೊರಗೆ ಹೋದ. ಮಾತ್ರೆಯಮ್ಮ ಆ ಗಂಡ ಹೆಂಡತಿಗೆ, "ಬಂದ ದಿನವೇ ಎಲ್ಲ ಗೋಡೆ ಫೋಟೋ ತೆಗೀರಿ. ಒಂಬತ್ತನೇ ಕಲಮು ಓದಿ. ಏನೂ ಬಳೀಬೇಡಿ," ಎಂದಳು. ಅವರು ತಲೆಯಾಡಿಸಿ ಅವನ ಹಿಂದೆ ಇಳಿದು ಹೋದರು.

"ಇಳೀರಿ ಮಾವ, ಹೋಗೋಣ. ದುಡ್ಡು ಬಂತು."

"ಅರ್ಧ ಗೋಡೆ ಬಿಟ್ಟು ಹೆಂಗೆ ಇಳೀಲಿ? ಇಲ್ಲಿ ಒಣಗಿದ್ರೆ ನಡುಮಧ್ಯೆ ಪಟ್ಟೆ ಬೀಳತ್ತೆ."

"ಬೀಳಲಿ! ಆ ಕಳ್ಳನ ಗೋಡೆ ತಾನೇ!"

"ಗೋಡೆ ಅವನದು, ಕೂಲಿ ಆಯ್ತಲ್ಲ. ಇನ್ನು ಕೆಲಸ ನನ್ನದು."

ಗಂಟೆ ಮೂರಾಗಿತ್ತು. ವಾದ ಮಾಡುತ್ತ ಕೂತರೆ ಐದಾಗುತ್ತದೆ. ಮಗಳು ಖಾಲಿಯಾದ ಬಣ್ಣದ ಡಬ್ಬವೊಂದನ್ನು ಮಗುಚಿ ಅದರ ಮೇಲೆ ಕೂತು ಫೋನಿನಲ್ಲಿ ಅರ್ಜಿ ತುಂಬತೊಡಗಿದಳು. ಏಣಿ ಅಲ್ಲಾಡುವುದನ್ನು ಕಂಡು ಮಾತ್ರೆಯಮ್ಮ ಹೋಗಿ ಅದರ ಎರಡೂ ಕಾಲು ಹಿಡಿದು ನಿಂತಳು. ಓದಿದ್ದೇನು, ಕೆಲಸ ಮಾಡಿದ್ದೆಲ್ಲಿ, ಎಷ್ಟು ವರ್ಷ, ಎಲ್ಲವನ್ನೂ ನಿಂತಲ್ಲಿಂದಲೇ ಹೇಳಿದಳು.

"ಅಮ್ಮ, ಇಲ್ಲಿ ಇನ್ನೊಂದು ಕೇಳ್ತಿದೆ. ನಿನ್ನ ದುಡಿಮೆ ಮೇಲೆ ಬದುಕೋರು ಎಷ್ಟು ಜನ ಅಂತ. ಇಬ್ಬರಿದ್ರೆ ಶುಲ್ಕದಲ್ಲಿ ಹತ್ತರಲ್ಲೊಂದು ಪಾಲು ಬಿಡ್ತಾರೆ. ನಾನು, ತಾತ. ಇಬ್ಬರು ಅಂತ ಹಾಕ್ಲಾ?"

ಮೇಲೆ ರೋಲರ್ ನಿಂತಿತು. "ಹಾಕಮ್ಮ," ಅಂದರು ಮಾವ. "ಇದ್ದಿದ್ದು ಇದ್ದ ಹಾಗೆ ಹಾಕು. ದುಡ್ಡು ಉಳೀತದೆ."

"ಒಬ್ಬಳು ಅಂತ ಹಾಕು," ಅಂದಳು ಮಾತ್ರೆಯಮ್ಮ.

"ಹತ್ತರಲ್ಲೊಂದು ಪಾಲು ಅಮ್ಮ!"

"ಕೇಳಿಸ್ತು. ದುಡಿಯೋ ಮನುಷ್ಯನ್ನ ಅಲ್ಲಿ ಬರೆಯೋ ಹಾಗಿಲ್ಲ. ಒಬ್ಬಳು ಅಂತ ಹಾಕಿ ದುಡ್ಡು ಕಟ್ಟು."

ಮಾವ ಗೋಡೆಯ ಕಡೆಗೇ ಮುಖ ಮಾಡಿ ತೋಳಿನಿಂದ ಕಣ್ಣು ಒರೆಸಿಕೊಂಡು, ರೋಲರನ್ನು ಮತ್ತೆ ಎರಡೂ ಕೈಯಲ್ಲಿ ಹಿಡಿದರು.

"ಏಣಿ ಗಟ್ಟಿಯಾಗಿ ಹಿಡ್ಕೋ," ಅಂದರು. "ಮೂಲೆ ಬಂತು."